ಸೋಮವಾರ ಬೆಳಗಿನ ಹೊಟ್ಟೆನೋವು

ಸೋಮವಾರ ಬೆಳಗಿನ ಏಳು ಗಂಟೆ. ಇಸ್ತ್ರಿ ಮಾಡಿದ ಸಮವಸ್ತ್ರ ಕುರ್ಚಿಯ ಬೆನ್ನಿನ ಮೇಲಿದೆ, ಬುತ್ತಿ ತುಂಬಿಯಾಗಿದೆ, ಇನ್ನರ್ಧ ಗಂಟೆಯಲ್ಲಿ ಶಾಲೆಯ ರಿಕ್ಷಾ ಗೇಟಿನ ಮುಂದೆ ನಿಲ್ಲಲಿದೆ. ಆಗ ಹೊದಿಕೆಯೊಳಗಿನಿಂದ ಸಣ್ಣ ದನಿಯೊಂದು ಕೇಳಿಬರುತ್ತದೆ: "ಅಮ್ಮಾ, ಹೊಟ್ಟೆನೋವು." ನಿನ್ನೆ ಬಲಿಪೂಜೆ ಮುಗಿಸಿ ಬಂದು ಕತ್ತಲಾಗುವವರೆಗೂ ಅಂಗಳದಲ್ಲಿ ಕುಣಿದಾಡಿದ ಮಗು ರಾತ್ರಿಯ ಊಟದ ಹೊತ್ತಿಗೆ ಮೌನವಾಗಿತ್ತು, ಈಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದೆ. ತಂದೆ ಗಡಿಯಾರ ನೋಡುತ್ತಾರೆ, ತಾಯಿ ಹಣೆ ಮುಟ್ಟಿ ನೋಡುತ್ತಾರೆ, ಅಜ್ಜಿ ಓಮದ ನೀರು ಕಾಯಿಸಲು ಒಳಗೆ ಹೋಗುತ್ತಾರೆ. ರಿಕ್ಷಾ ಎರಡು ಬಾರಿ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮಗು ಎದ್ದು ಕುಳಿತು ದೋಸೆ ತಿನ್ನುತ್ತಿರುತ್ತದೆ.

"ಎಲ್ಲ ನಾಟಕ" ಎಂದು ತೀರ್ಪು ಕೊಡುವುದು ಸುಲಭ. ನಾವೂ ಒಂದು ಕಾಲದಲ್ಲಿ ಹಾಗೆಯೇ ಅಂದವರು. ಆದರೆ ಆ ನೋವು ಬಹುಪಾಲು ಸಂದರ್ಭಗಳಲ್ಲಿ ನಿಜವಾದ ನೋವೇ ಆಗಿರುತ್ತದೆ. ಅಪಾಯ ಎದುರಾಯಿತೆಂದು ಮಿದುಳು ಎಣಿಸಿದೊಡನೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಜೀರ್ಣಾಂಗಗಳತ್ತ ಹರಿಯಬೇಕಾದ ರಕ್ತ ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಓಡಲು ಅಥವಾ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಹೊಟ್ಟೆ ಹಿಂಡಿದಂತಾಗುವುದು, ವಾಕರಿಕೆ, ತಲೆನೋವು, ಮತ್ತೆ ಮತ್ತೆ ಶೌಚಾಲಯಕ್ಕೆ ಓಡುವುದು, ಇವೆಲ್ಲ ಆ ಸಿದ್ಧತೆಯ ಭಾಗಗಳು. ಹುಲಿ ಎದುರಿಗಿದ್ದರೂ ಗಣಿತದ ಕಿರುಪರೀಕ್ಷೆ ಎದುರಿಗಿದ್ದರೂ ದೇಹಕ್ಕೆ ಒಂದೇ. "ನನಗೆ ಆತಂಕವಾಗುತ್ತಿದೆ" ಎಂದು ಹೇಳಲು ಎಂಟು ವರ್ಷದ ಮಗುವಿಗೆ ಮಾತು ಸಾಲದು. ಆದುದರಿಂದ ಅದು ತನ್ನ ಹೊಟ್ಟೆಯನ್ನು ತೋರಿಸುತ್ತದೆ.

ಹಾಗೆಂದು ಅಂಜಿಕೆಯೆಲ್ಲ ರೋಗವಲ್ಲ. ಎಂಟೊಂಬತ್ತು ತಿಂಗಳ ಕೂಸು ಅಪರಿಚಿತರನ್ನು ಕಂಡು ಅಳುತ್ತದೆ. ಮೂರು ನಾಲ್ಕು ವರ್ಷದ ಮಗು ಕತ್ತಲೆಗೆ, ಗುಡುಗಿಗೆ, ನಾಯಿಗೆ ಹೆದರುತ್ತದೆ. ಏಳೆಂಟರ ಹೊತ್ತಿಗೆ ಸಾವಿನ ಯೋಚನೆ ತಲೆಯೊಳಗೆ ಇಣುಕುತ್ತದೆ. ಹದಿಹರೆಯದಲ್ಲಿ ಪರೀಕ್ಷೆ ಮತ್ತು ಗೆಳೆಯರ ಅಭಿಪ್ರಾಯ ಭೂತಾಕಾರ ತಳೆಯುತ್ತವೆ. ಇವು ಬೆಳವಣಿಗೆಯ ಮೆಟ್ಟಿಲುಗಳು. ಕೆಲವು ಮಕ್ಕಳು ಹುಟ್ಟಿನಿಂದಲೇ ಅಂಜುಗುಳಿಗಳು. ಅದು ಯಾರ ತಪ್ಪೂ ಅಲ್ಲ. ಆದರೆ ಅಂಜಿಕೆಯು ವಾರಗಟ್ಟಲೆ ಬಿಡದೆ ಶಾಲೆ, ನಿದ್ರೆ, ಊಟ, ಆಟಗಳ ಮೇಲೆ ಸವಾರಿ ಮಾಡತೊಡಗಿದಾಗ ಅದನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದೊಳಗಿನವರ ಪೈಕಿ ಶೇಕಡಾ 7.3 ಮಂದಿಯಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತು. ಅದರಲ್ಲಿ ಆತಂಕದ ತೊಂದರೆಗಳದ್ದೇ ಶೇಕಡಾ 3.6. ಐವತ್ತು ಮಕ್ಕಳ ತರಗತಿಯೊಂದರಲ್ಲಿ ಇಬ್ಬರು ಎಂದು ಲೆಕ್ಕ ಹಾಕಿದರೆ ಈ ಅಂಕಿಗೆ ಮುಖ ಮೂಡುತ್ತದೆ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ. ಮಗು ಶಾಲೆಗೆ ಹೋಗಲು ಹೆದರಿದರೆ, ಅಲ್ಲಿ ಹೆದರಬೇಕಾದ್ದು ನಿಜವಾಗಿಯೂ ಇದೆಯೇ ಎಂಬುದನ್ನು ಮೊತ್ತಮೊದಲು ವಿಚಾರಿಸಬೇಕು. ದೊಡ್ಡ ತರಗತಿಯ ಹುಡುಗರು ಪೀಡಿಸುತ್ತಿರಬಹುದು. ಶಿಕ್ಷಕರೊಬ್ಬರ ಕೈ ಉದ್ದವಿರಬಹುದು. ರಿಕ್ಷಾದಲ್ಲೋ ಟ್ಯೂಷನ್ ಮನೆಯಲ್ಲೋ ಹೇಳಬಾರದ್ದು ನಡೆಯುತ್ತಿರಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ 2012ರಲ್ಲಿ ಪೋಕ್ಸೋ ಕಾಯಿದೆ ಬಂದಿದೆ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆಯ ಸಹಾಯವಾಣಿ ಇದೆ. ಅಂಥ ಸಂದರ್ಭದಲ್ಲಿ ಮಗುವಿಗೆ ಬೇಕಾದದ್ದು ಧೈರ್ಯದ ಪಾಠವಲ್ಲ, ರಕ್ಷಣೆ. ಮಾನ ಹೋದೀತೆಂದು ಸುಮ್ಮನಿದ್ದು ಮಗುವನ್ನು ಅದೇ ಜಾಗಕ್ಕೆ ಮತ್ತೆ ಅಟ್ಟುವುದು ಅಕ್ಷಮ್ಯ. ಅಂಥದ್ದೇನೂ ಇಲ್ಲವೆಂದು ಖಚಿತವಾದ ಮೇಲಿನ ಮಾತನ್ನಷ್ಟೇ ನಾವು ಮುಂದೆ ಆಡಲಿದ್ದೇವೆ.

ನಮಗೆ ಪರಿಚಯವಿರುವ ಮನೆಯೊಂದಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇವೆ. ನಮ್ಮ ಕರಾವಳಿಯ ಅನೇಕ ಕಥೊಲಿಕ ಕುಟುಂಬಗಳಂತೆ ಅಲ್ಲಿಯೂ ತಂದೆ ಗಲ್ಫಿನಲ್ಲಿ. ಮನೆಯಲ್ಲಿ ತಾಯಿ, ಅಜ್ಜ, ಅಜ್ಜಿ ಮತ್ತು ನಾಲ್ಕನೆಯ ತರಗತಿಯ ಹುಡುಗಿ. ಒಂದು ಮಧ್ಯಾಹ್ನ ಅಜ್ಜ ಹೃದಯಾಘಾತದಿಂದ ಕುಸಿದುಬಿದ್ದು ತೀರಿಕೊಂಡರು. ಸಂಜೆ ರಿಕ್ಷಾದಿಂದ ಇಳಿದ ಹುಡುಗಿಗೆ ಕಂಡದ್ದು ಅಂಗಳದ ತುಂಬ ಜನ. ಮುಂದಿನ ತಿಂಗಳಿನಿಂದ ಅವಳಿಗೆ ಬೆಳಗಿನ ಹೊಟ್ಟೆನೋವು ಆರಂಭವಾಯಿತು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು, ಎಲ್ಲವೂ ಸರಿಯಿದ್ದವು. ಸರಿಯಿಲ್ಲದಿದ್ದುದು ಒಂದೇ: ತಾನು ಶಾಲೆಯಲ್ಲಿದ್ದಾಗ ಅಮ್ಮನೂ ಅಜ್ಜನಂತೆ ಬಿದ್ದುಹೋದರೆ ಎಂಬ ದಿಗಿಲು. ಅದನ್ನು ಅವಳು ಬಾಯಿಬಿಟ್ಟು ಹೇಳಲು ಮೂರು ತಿಂಗಳು ಹಿಡಿಯಿತು.

ಈ ಮೂರು ತಿಂಗಳಲ್ಲಿ ತಾಯಿ ಮಾಡಿದ್ದೇನು? ಯಾವ ತಾಯಿಯೂ ಮಾಡುವುದನ್ನೇ. ಮೊದಲು ಮಧ್ಯಾಹ್ನ ಶಾಲೆಯ ಕಚೇರಿಯಿಂದ ಒಂದು ಫೋನು ಮಾಡಿಸಿಕೊಂಡರು. ಅದು ದಿನಕ್ಕೆ ಮೂರಾಯಿತು. ಆಮೇಲೆ ಮೊದಲ ಗಂಟೆ ಮುಗಿಯುವವರೆಗೆ ಶಾಲೆಯ ಜಗಲಿಯಲ್ಲಿ ಕುಳಿತರು. ಅದು ಊಟದ ಬಿಡುವಿನವರೆಗೆ ಬೆಳೆಯಿತು. ಹುಡುಗಿ ರಾತ್ರಿ ತಾಯಿಯ ಹಾಸಿಗೆಗೆ ಬಂದಳು. ತಾಯಿ ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು "ಅಮ್ಮಾ" ಎಂದು ಕೂಗುವುದು, ಒಳಗಿನಿಂದ ತಾಯಿ "ಇದ್ದೇನೆ" ಎನ್ನುವುದು ರೂಢಿಯಾಯಿತು. ಸೊಸೈಟಿಯ ಸಾಲದ ಕಂತು ಕಟ್ಟಲು ಹೋಗುವುದೂ ತಾಯಿಗೆ ಕಷ್ಟವಾಯಿತು. ಕೊನೆಗೆ ಹುಡುಗಿ ಮನೆಯಲ್ಲೇ ಉಳಿದಳು, ಮೂವತ್ತು ದಿನಗಳಿಗಿಂತ ಹೆಚ್ಚು.

ಸಲಹೆಗಳಿಗೇನೂ ಬರವಿರಲಿಲ್ಲ. "ಎರಡು ಬಿಗಿದರೆ ಸರಿಹೋಗುತ್ತದೆ" ಎಂದರು ಒಬ್ಬರು. "ಶಾಲೆ ಬದಲಿಸಿ" ಎಂದರು ಇನ್ನೊಬ್ಬರು. ತಂದೆ ವಿಡಿಯೋ ಕರೆಯಲ್ಲಿ ಗದರಿದರು, ಮರುದಿನ ಪಶ್ಚಾತ್ತಾಪಪಟ್ಟು ದೊಡ್ಡ ಗೊಂಬೆಯೊಂದರ ಆಸೆ ತೋರಿಸಿದರು. ಅಂತೂ ಒಂದು ದಿನ ತಾಯಿ ಮಗಳನ್ನು ಮಕ್ಕಳ ಮನೋವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಮಗಳಿಗಿಂತ ಹೆಚ್ಚು ಹೊತ್ತು ಮಾತನಾಡಿದ್ದು ತಾಯಿಯೊಡನೆ. ತಾಯಿಗೆ ಅದು ಮೊದಲು ಅವಮಾನವೆಂದೇ ತೋರಿತ್ತಂತೆ.

ವೈದ್ಯರು ಹೇಳಿದ್ದರ ಸಾರ ಇಷ್ಟು: ಭಯಕ್ಕೆ ಆಹಾರವಾಗುವುದು ಭಯಪಡಿಸುವ ವಸ್ತುವಲ್ಲ, ಅದರಿಂದ ತಪ್ಪಿಸಿಕೊಂಡ ಕ್ಷಣದಲ್ಲಿ ಸಿಗುವ ನೆಮ್ಮದಿ. ಶಾಲೆಗೆ ಹೋಗದೆ ಉಳಿದ ಮಗುವಿಗೆ ಹತ್ತು ಗಂಟೆಗೆ ಹೊಟ್ಟೆನೋವು ಮಾಯವಾಗುತ್ತದಲ್ಲ, ಆಗ ಅದರ ಮಿದುಳು ಕಲಿಯುವ ಪಾಠ ಯಾವುದು? "ಶಾಲೆ ಅಪಾಯಕರ, ಮನೆಯಲ್ಲುಳಿದದ್ದರಿಂದ ಬದುಕಿಕೊಂಡೆ" ಎಂಬುದು. ನಾಳೆಯ ಭಯಕ್ಕೆ ಇಂದಿನ ನೆಮ್ಮದಿಯೇ ಗೊಬ್ಬರ. ಮತ್ತೊಂದನ್ನೂ ಮಗು ಕಲಿಯುತ್ತದೆ: "ಇದನ್ನು ತಾಳುವ ಶಕ್ತಿ ನನಗಿಲ್ಲ ಎಂದು ಅಮ್ಮನಿಗೂ ಗೊತ್ತಿದೆ, ಆದುದರಿಂದಲೇ ನನ್ನನ್ನು ಉಳಿಸಿಕೊಂಡರು." ಪ್ರೀತಿಯಿಂದ ಮಾಡಿದ ಉಪಕಾರವು ಭಯದ ಪಕ್ಷವಹಿಸಿ ಸಾಕ್ಷಿ ನುಡಿಯುವುದು ಹೀಗೆ. ಹೊಡೆದು ಬಡಿದು ಅಟ್ಟುವವರು ಮಾಡುವುದಂತೂ ಇನ್ನೂ ಕೆಟ್ಟದ್ದು: ಇದ್ದ ಒಂದು ಭಯಕ್ಕೆ ಹೆತ್ತವರ ಭಯವನ್ನೂ ಕೂಡಿಸುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ಉತ್ತರವಾಗಿ ನೂರು ವರ್ಷಗಳಷ್ಟು ಹಳೆಯದಾದ ಒಂದು ಪ್ರಯೋಗವಿದೆ. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ 1924ರಲ್ಲಿ ಪೀಟರ್ ಎಂಬ ಪುಟ್ಟ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಮೂರು ವರ್ಷ ತುಂಬದ ಆ ಹುಡುಗ ಮೊಲವನ್ನು ಕಂಡರೆ ಚೀರುತ್ತಿದ್ದ. ಹತ್ತಿ, ಗರಿ, ತುಪ್ಪಳದ ಕೋಟು ಕಂಡರೂ ಅಷ್ಟೇ. ಆತನನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಇಷ್ಟದ ತಿಂಡಿ ಕೊಟ್ಟು, ಪಂಜರದೊಳಗಿನ ಮೊಲವನ್ನು ದೂರದಲ್ಲಿಟ್ಟರು. ಹನ್ನೆರಡು ಅಡಿ ದೂರವನ್ನು ಸಹಿಸಿಕೊಂಡ ಮೇಲೆ ನಾಲ್ಕು ಅಡಿ, ಆಮೇಲೆ ಮೂರು ಅಡಿ, ಆಮೇಲೆ ಪಕ್ಕಕ್ಕೆ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಅವನೊಡನೆ ಆಡಲು ಬಿಟ್ಟರು. ನಡುವೆ ಹುಡುಗನಿಗೆ ಜ್ವರ ಬಂದು ಆಸ್ಪತ್ರೆ ಸೇರಿ, ಮರಳುವಾಗ ದೊಡ್ಡ ನಾಯಿಯೊಂದು ಮೇಲೆರಗಿ, ಗಳಿಸಿದ್ದೆಲ್ಲ ನಷ್ಟವಾಯಿತು. ಆಕೆ ಮತ್ತೆ ಮೊದಲಿನಿಂದ ತೊಡಗಿದರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನೆ ಕುಳಿತಿದ್ದ.

ಮೊಲವನ್ನು ಮನೆಯಿಂದ ಓಡಿಸಲಿಲ್ಲ, ಮಗುವಿನ ಮಡಿಲಿಗೆ ಎಸೆಯಲೂ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಂದು ಆತಂಕಕ್ಕೆ ನೀಡುವ ವರ್ತನಾ ಚಿಕಿತ್ಸೆಯ ತಿರುಳು ಇದೇ. ಇದರಲ್ಲಿ ಹೆತ್ತವರ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಇತ್ತೀಚಿನ ಪುರಾವೆಯೂ ಇದೆ. ಯೇಲ್ ವಿಶ್ವವಿದ್ಯಾನಿಲಯದ ಎಲಿ ಲೆಬೋವಿಟ್ಜ್ ಮತ್ತು ಸಂಗಡಿಗರು ಆತಂಕದ ತೊಂದರೆಯಿದ್ದ 7ರಿಂದ 14 ವರ್ಷದ 124 ಮಕ್ಕಳ ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಚಿಕಿತ್ಸಕರು ಮಕ್ಕಳೊಡನೆ ಕೆಲಸ ಮಾಡಿದರು. ಇನ್ನೊಂದರಲ್ಲಿ ಮಕ್ಕಳನ್ನು ಭೇಟಿಯಾಗದೆ ಹೆತ್ತವರಿಗೆ ಮಾತ್ರ ಹನ್ನೆರಡು ವಾರ ತರಬೇತಿ ನೀಡಿದರು. ಭಯಕ್ಕೆ ಮಣಿದು ತಾವು ಮಾಡುತ್ತಿರುವ ಏರ್ಪಾಡುಗಳನ್ನು ಹೇಗೆ ಹಂತಹಂತವಾಗಿ ಕಡಿಮೆ ಮಾಡಬೇಕು, ಮಗುವಿಗೆ ಏನು ಹೇಳಬೇಕು ಎಂಬುದೇ ಆ ತರಬೇತಿ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪಿನ ಮಕ್ಕಳು ಸರಿಸಮವಾಗಿ ಚೇತರಿಸಿಕೊಂಡಿದ್ದರು. ಹೆತ್ತವರೇ ರೋಗಕ್ಕೆ ಕಾರಣ ಎಂದು ಇದರಿಂದ ಯಾರೂ ಅರ್ಥೈಸಬಾರದು. ಅವರು ಬದಲಾದರೆ ಮಗುವಿನ ಹಾದಿ ತೆರೆಯುತ್ತದೆ ಎಂಬುದಷ್ಟೇ ಅದರ ಅರ್ಥ.

ಆ ಮನೆಗೆ ಮರಳೋಣ. ತಾಯಿ, ಮಗಳು ಮತ್ತು ಶಾಲೆಯ ಮುಖ್ಯೋಪಾಧ್ಯಾಯಿನಿ ಕುಳಿತು ಒಂದು ಪಟ್ಟಿ ಮಾಡಿದರು. ಹುಡುಗಿಯೇ ಅದಕ್ಕೆ ಏಣಿ ಎಂದು ಹೆಸರಿಟ್ಟಳು. ಮೊದಲ ವಾರ ಬೆಳಗಿನ ಎರಡು ಪಾಠ ಮಾತ್ರ, ತಾಯಿ ಜಗಲಿಯಲ್ಲಿ. ಎರಡನೆಯ ವಾರ ಊಟದವರೆಗೆ ಪಾಠ, ತಾಯಿ ಜಗಲಿ ಬಿಟ್ಟು ಗೇಟಿನ ಬಳಿ. ಆಮೇಲೆ ಪೂರ್ತಿ ದಿನ, ತಾಯಿ ಮನೆಯಲ್ಲಿ. ಫೋನು ಊಟದ ಬಿಡುವಿನಲ್ಲಿ ಒಂದೇ ಸಲ. ಆಮೇಲೆ ಫೋನೂ ಇಲ್ಲ. ಕೊನೆಯ ಮೆಟ್ಟಿಲು ರಿಕ್ಷಾದಲ್ಲಿ ಒಬ್ಬಳೇ ಹೋಗಿ ಬರುವುದು. ರಾತ್ರಿಯ ಏಣಿ ಬೇರೆ: ಮೊದಲು ತಾಯಿಯ ಕೋಣೆಯಲ್ಲೇ ಬೇರೆ ಚಾಪೆ, ಆಮೇಲೆ ಅಜ್ಜಿಯ ಕೋಣೆಯಲ್ಲಿ ತನ್ನದೇ ಮಂಚ. ಒಂದು ಮೆಟ್ಟಿಲು ಬೇಸರ ಬರುವಷ್ಟು ರೂಢಿಯಾದ ಮೇಲೆಯೇ ಮುಂದಿನದು. ಏರಿದ ಮೆಟ್ಟಿಲಿಗೆ ಪಟ್ಟಿಯಲ್ಲಿ ಒಂದು ನಕ್ಷತ್ರ. ಗಲ್ಫಿನ ತಂದೆ "ಇನ್ನೂ ಅಳುತ್ತೀಯಾ?" ಎಂಬ ಪ್ರಶ್ನೆ ಬಿಟ್ಟು "ಇವತ್ತು ಯಾವ ಮೆಟ್ಟಿಲು?" ಎಂದು ಕೇಳತೊಡಗಿದರು.

ಮೊದಲ ವಾರ ಭಯಂಕರವಾಗಿತ್ತಂತೆ. ಹುಡುಗಿ ಅತ್ತಳು, ಜಗಲಿಯ ಕಂಬ ಹಿಡಿದುಕೊಂಡಳು. ತಾಯಿಯೂ ಅತ್ತರು, ಆದರೆ ಮಗಳ ಎದುರಿಗಲ್ಲ. ಆತಂಕದ ಸ್ವಭಾವವೇ ಹಾಗೆ. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಮಗು ಓಡಿಹೋಗದೆ ಅಲ್ಲಿಯೇ ಉಳಿದರೆ ತಾನಾಗಿ ಇಳಿಯುತ್ತದೆ. ಆ ಇಳಿತವನ್ನು ಮಗು ಸ್ವತಃ ಕಂಡುಕೊಳ್ಳಬೇಕು. ಯಾವ ಭಾಷಣವೂ ಅದಕ್ಕೆ ಸಮನಲ್ಲ. ಕ್ರಿಸ್ಮಸ್ ರಜೆಯ ಬಳಿಕ ಪೀಟರನಿಗೆ ಆದಂತೆಯೇ ಇಲ್ಲಿಯೂ ಆಯಿತು. ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕಾಯಿತು.

ಇನ್ನು ಮಾತಿನ ವಿಷಯ. "ಏನೂ ಆಗುವುದಿಲ್ಲ, ಹೆದರಬೇಡ" ಎಂಬುದು ನಮ್ಮೆಲ್ಲರ ಬಾಯಿಪಾಠ. ಒಂದು ಬಾರಿ ಹೇಳಿದರೆ ಅದು ಸಾಂತ್ವನ. ನೂರು ಬಾರಿ ಹೇಳಿದರೆ ಮಗು ನೂರೊಂದನೆಯ ಬಾರಿಗೂ ಕೇಳುತ್ತದೆ, ಏಕೆಂದರೆ ಅದರ ನೆಮ್ಮದಿ ಈಗ ಆ ಉತ್ತರಕ್ಕೆ ಅಂಟಿಕೊಂಡಿದೆ. ಮೇಲಾಗಿ ಅಜ್ಜ ತೀರಿಕೊಂಡದ್ದನ್ನು ಕಂಡ ಮಗುವಿಗೆ "ಏನೂ ಆಗುವುದಿಲ್ಲ" ಎನ್ನುವುದು ಪೂರ್ತಿ ಸತ್ಯವೂ ಅಲ್ಲ, ಅದು ಮಗುವಿಗೂ ಗೊತ್ತು. "ನಿನಗೆ ಕಷ್ಟವಾಗುತ್ತಿದೆಯೆಂದು ನನಗೆ ಗೊತ್ತು, ನೀನು ಇದನ್ನು ತಾಳಬಲ್ಲೆ ಎಂಬುದೂ ಗೊತ್ತು" ಎಂಬ ಎರಡು ಮಾತುಗಳನ್ನು ಒಟ್ಟಾಗಿ ಹೇಳಬೇಕೆನ್ನುತ್ತಾರೆ ಬಲ್ಲವರು. ಮೊದಲನೆಯದನ್ನು ಮಾತ್ರ ಹೇಳುವವರು ಮಗುವಿನೊಡನೆ ಮುಳುಗುತ್ತಾರೆ. ಎರಡನೆಯದನ್ನು ಮಾತ್ರ ಹೇಳುವವರು ದಡದಲ್ಲಿ ನಿಂತು ಕೂಗುತ್ತಾರೆ.

ಮನೆಯ ಮಾತಿನ ಬಗ್ಗೆ ಹೇಳುವಾಗ ನಮ್ಮ ಹಳೆಯ ಅಭ್ಯಾಸಗಳನ್ನು ನೆನೆಯದಿರಲಾಗದು. ಎರಡು ತುತ್ತು ಹೆಚ್ಚು ಉಣ್ಣಿಸಲು ಗುಮ್ಮನನ್ನು ಕರೆಯುತ್ತೇವೆ. ಹಟ ಮಾಡಿದರೆ ಪೊಲೀಸನಿಗೆ ಹಿಡಿದುಕೊಡುತ್ತೇವೆ. ಸೂಜಿ ಚುಚ್ಚುವವನೆಂದು ಪರಿಚಯಿಸಿದ ವೈದ್ಯನ ಎದುರು ಮಗು ಧೈರ್ಯದಿಂದ ಬಾಯಿ ತೆರೆಯಬೇಕೆಂದು ಬಯಸುತ್ತೇವೆ. ಹತ್ತನೆಯ ತರಗತಿಯ ಹುಡುಗನಿಗೆ ಇದೇ ಗುಮ್ಮ ಅಂಕಪಟ್ಟಿಯ ವೇಷ ತೊಟ್ಟು ಬರುತ್ತಾನೆ. ಮದುವೆಮನೆಯಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, "ಎಷ್ಟು ಪರ್ಸೆಂಟ್?" ಎಂಬ ಪ್ರಶ್ನೆ ಬಿಟ್ಟರೆ ಮಕ್ಕಳೊಡನೆ ಆಡಲು ನಮ್ಮಲ್ಲಿ ಬೇರೆ ಮಾತೇ ಉಳಿದಿಲ್ಲವೇನೋ. ನಮ್ಮ ಸ್ವಂತ ಕಳವಳಗಳನ್ನೂ ಮಕ್ಕಳು ಓದಿಕೊಳ್ಳುತ್ತಾರೆ. ರಿಕ್ಷಾ ಐದು ನಿಮಿಷ ತಡವಾದರೆ ನಾಲ್ಕು ಮಂದಿಗೆ ಫೋನು ಮಾಡುವ ತಾಯಿಯ ಮುಖವೇ ಮಗುವಿಗೆ ಪಾಠಪುಸ್ತಕ.

ವಿಶ್ವಾಸದ ಮಾತನ್ನೂ ಇಲ್ಲಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಮನೆಗಳಲ್ಲಿ ಅದು ತಪ್ಪಾಗಿ ಬಳಕೆಯಾಗುವುದನ್ನು ನಾವು ಕಂಡಿದ್ದೇವೆ. "ದೇವರಲ್ಲಿ ಭರವಸೆಯಿದ್ದರೆ ಭಯವೇಕೆ?" ಎಂದು ಮಗುವನ್ನು ಕೇಳಿದರೆ, ಇದ್ದ ಭಯದೊಂದಿಗೆ ಪಾಪಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಗೆತ್ಸೆಮನಿ ತೋಟದಲ್ಲಿ ಕ್ರಿಸ್ತರೇ ಆ ರಾತ್ರಿ ತಳಮಳಪಟ್ಟರೆಂದು ನಾವು ಪ್ರತಿ ತಪಸ್ಸು ಕಾಲದಲ್ಲಿ ಧ್ಯಾನಿಸುತ್ತೇವೆ. ಅವರು ಶಿಷ್ಯರಿಂದ ಬಯಸಿದ್ದು ಉಪದೇಶವನ್ನಲ್ಲ, ತಮ್ಮೊಡನೆ ಎಚ್ಚರವಾಗಿರುವುದನ್ನು. ಮಲಗುವ ಮುನ್ನ ಕುಟುಂಬದ ಪ್ರಾರ್ಥನೆಯಲ್ಲಿ ಮಗು ತನ್ನ ಭಯವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವಂತಾದರೆ ಆ ಪ್ರಾರ್ಥನೆ ಮಗುವಿನ ಪಾಲಿಗೆ ನಿಜವಾದ ಆಸರೆ. ಚಿಕಿತ್ಸೆಯನ್ನು ಮುಂದೂಡಲು ಅದನ್ನು ನೆಪ ಮಾಡಿಕೊಳ್ಳಬಾರದು.

ಚಿಕಿತ್ಸೆಯ ಹೆಸರೆತ್ತಿದರೆ ಇಂದಿಗೂ ಅನೇಕರು ಹಿಂಜರಿಯುತ್ತಾರೆ. "ಹೆಣ್ಣುಮಗಳು, ನಾಳೆ ಸಂಬಂಧ ಕೇಳುವಾಗ ಯಾರಾದರೂ ಎತ್ತಿ ಆಡಿದರೆ?" ಎಂದು ಆ ಮನೆಯ ಅಜ್ಜಿಯೂ ಕೇಳಿದ್ದರು. ಮೂಳೆ ಮುರಿದರೆ ಆಗದ ಮುಜುಗರ ಮನಸ್ಸು ನೊಂದರೆ ಏಕೆ? ಈ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೂರದ ಹಳ್ಳಿಯವರು ಮನೆಯಿಂದಲೇ ಮಾತನಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಮಗು ತಿಂಗಳಾದರೂ ಶಾಲೆಯ ಮೆಟ್ಟಿಲು ಹತ್ತದಿದ್ದರೆ, ನಿದ್ರೆ ಕೆಟ್ಟಿದ್ದರೆ, ಬದುಕುವುದು ಬೇಡ ಎಂಬಂಥ ಮಾತು ಒಮ್ಮೆಯಾದರೂ ಬಾಯಿಂದ ಬಂದಿದ್ದರೆ, ಯಾವ ಏಣಿಯನ್ನೂ ಮನೆಯಲ್ಲಿ ಮಾಡುತ್ತ ಕೂರದೆ ವೈದ್ಯರನ್ನು ಕಾಣಬೇಕು. ಕೊನೆಯದಕ್ಕಂತೂ ಒಂದು ದಿನದ ವಿಳಂಬವೂ ಸಲ್ಲದು.

ಮೊನ್ನೆ ಆ ತಾಯಿ ಸಿಕ್ಕಿದ್ದರು. ಹುಡುಗಿ ಈಗ ಐದನೆಯ ತರಗತಿ. ರಿಕ್ಷಾದಲ್ಲಿ ಒಬ್ಬಳೇ ಹೋಗಿಬರುತ್ತಾಳೆ. "ಹೊಟ್ಟೆನೋವು ಪೂರ್ತಿ ಹೋಯಿತೇ?" ಎಂದು ವಿಚಾರಿಸಿದೆವು. ಇಲ್ಲವಂತೆ. ಕೆಲವು ಸೋಮವಾರ ಈಗಲೂ ಬರುತ್ತದೆಯಂತೆ. "ಹೌದು ಮಗಾ, ನೋಯುತ್ತಿರಬೇಕು, ಬುತ್ತಿಯಲ್ಲಿ ಎರಡು ಬಾಳೆಹಣ್ಣಿನ ಮುಳ್ಕ ಇಟ್ಟಿದ್ದೇನೆ ಅನ್ನುತ್ತೇನೆ. ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾಳೆ, ಆಮೇಲೆ ಶೂ ಹಾಕಿಕೊಳ್ಳುತ್ತಾಳೆ" ಎಂದರು. ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೆ ಗೇಟು ಹಿಡಿದು ನಿಂತಿರುತ್ತಾರಂತೆ. "ಅಲ್ಲಿಂದ ನನ್ನ ಹೊಟ್ಟೆನೋವು ಶುರು" ಎಂದು ನಕ್ಕರು.